ಗೇರ್ ರಾಡ್ ಹಿಡಿಯುವ ಕೈ

ನನ್ನ ಎಡ ಭುಜ ಹೋದ ವರ್ಷದಿಂದ ಮುಷ್ಕರ ಹೂಡಿದೆ. ಉಣ್ಣುವುದು ಬಲಗೈ, ಅದು ನೆಟ್ಟಗಿದೆ. ಆದರೆ ಗೇರ್ ಹಾಕಬೇಕಾದ್ದು ಎಡಗೈ. ಮೂರನೇ ಗೇರಿಗೆ ಕೈ ಚಾಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

"ಗಾಡಿ ಮಾರಿಬಿಡಣ್ಣ, ಯಾರಿಗಾದ್ರೂ ಗುದ್ದೀಯ," ಎಂದು ತಮ್ಮ ಪಾಲಣ್ಣ ನಾಲ್ಕು ಜನರ ಎದುರೇ ಹೇಳಿದ.

"ನಿನ್ ಕೆಲ್ಸ ನೋಡ್ಕಳಲೇ," ಎಂದೆ. ಅವತ್ತೇ ಮಾತು ಬಿಟ್ಟೆವು. ಆರು ತಿಂಗಳಾಯಿತು. ನಮ್ಮಿಬ್ಬರ ಅಂಗಳದ ನಡುವೆ ಇರುವುದು ಎದೆಮಟ್ಟದ ಗೋಡೆ.

ಹೆಂಡತಿ ಚೌಡಕ್ಕ ತೀರಿಕೊಂಡ ಮೇಲೆ ಗುಡೇಕೋಟೆಯಲ್ಲಿ ನನಗೆ ಉಳಿದದ್ದು ಆ ಹಳೆಯ ಕಾರು. ಕೂಡ್ಲಿಗಿಗೆ ಹೋಗಿ ಚಹಾ ಕುಡಿದು ಯಾರ ಜೊತೆಗಾದರೂ ಜಗಳವಾಡಿ ಬರದಿದ್ದರೆ, ದಿನವಿಡೀ ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಅದಕ್ಕೇ ಶಾರ್ಟ್ ಶಿಫ್ಟರ್ ತರಿಸಿದೆ. ಅದನ್ನು ಹಾಕಿದರೆ ಗೇರ್ ರಾಡ್ ಗೇಣುದ್ದ ಸರಿಯಬೇಕಿಲ್ಲ, ನಾಲ್ಕು ಬೆರಳು ಸರಿದರೆ ಸಾಕು.

ಮೂವತ್ತು ವರ್ಷ ಲಾರಿ ಓಡಿಸಿದವನಿಗೆ ಮೆಕ್ಯಾನಿಕ್ ಯಾಕೆ? ಕಾರನ್ನು ಕಲ್ಲಿನ ಮೇಲೆ ಏರಿಸಿ, ಹಳೆಯ ರಾಡ್ ಬಿಚ್ಚಿ ಹೊಸದನ್ನು ಕೂರಿಸಿದೆ. ಉಳಿದದ್ದು ಅಡಿಯಲ್ಲಿರುವ ಒಂದೇ ಬೋಲ್ಟ್. ಮೇಲೆ ರಾಡ್ ನ್ಯೂಟ್ರಲ್‌ನಲ್ಲಿ ನೆಟ್ಟಗೆ ನಿಂತಿರುವಾಗಲೇ ಕೆಳಗಿನಿಂದ ಅದನ್ನು ಬಿಗಿಯಬೇಕು. ಹಳೆಯದು ಸ್ವಲ್ಪ ವಾಲಿದರೂ ಹೊಂದಿಕೊಳ್ಳುತ್ತಿತ್ತು. ಈ ಗಿಡ್ಡ ರಾಡ್ ಹಟಮಾರಿ, ಕೂದಲೆಳೆ ತಪ್ಪಿದರೂ ಗೇರ್ ಬೀಳುವುದಿಲ್ಲ. ಹಿಂದೆಲ್ಲ ಚೌಡಕ್ಕ ಸೀಟಿನಲ್ಲಿ ಕೂತು ರಾಡ್ ಹಿಡಿಯುತ್ತಿದ್ದಳು, ಹಿಡಿದಷ್ಟು ಹೊತ್ತೂ ನನ್ನನ್ನು ಬೈಯುತ್ತಿದ್ದಳು.

ಈಗ ಹಗ್ಗದಿಂದ ರಾಡನ್ನು ಸೀಟಿಗೆ ಕಟ್ಟಿ, ಅಡಿಗೆ ಹೋಗಿ ಬೋಲ್ಟ್ ಬಿಗಿದೆ. ಮೊದಲ ಸಲ ರಿವರ್ಸ್ ಬೀಳಲಿಲ್ಲ. ಎರಡನೇ ಸಲ ಐದನೆಯದು ಬೀಳಲಿಲ್ಲ. ಮೂರನೇ ಸಲ ಸಿಟ್ಟಿಗೆ ಸ್ಪ್ಯಾನರ್ ಎಸೆದೆ. ಅದು ಗೋಡೆ ದಾಟಿ ಪಾಲಣ್ಣನ ಅಂಗಳಕ್ಕೆ ಬಿತ್ತು.

ಮಾತು ಬಿಟ್ಟವರು ನಮ್ಮಲ್ಲಿ ದನಕರುಗಳ ಜೊತೆ ಮಾತಾಡುತ್ತಾರೆ. ಕೇಳಬೇಕಾದವನಿಗೆ ಕೇಳುತ್ತದೆ, ಸೋತಂತೆಯೂ ಆಗುವುದಿಲ್ಲ. ಪಾಲಣ್ಣ ತನ್ನ ಆಡಿಗೆ ಹೇಳಿದ: "ಇಬ್ರು ಮಾಡೋ ಕೆಲ್ಸಾನ ಒಬ್ರೇ ಮಾಡೋ ಚಟ ಐತಿ ನೋಡು ಕೆಲವ್ರಿಗೆ."

ನನ್ನ ಹತ್ತಿರ ಆಡಿಲ್ಲ. ಟಯರಿಗೆ ಹೇಳಿದೆ: "ಯಾರೂ ಬರದಿದ್ರೂ ನಡೀತೈತಿ."

"ಅದಕ್ಕ ಸ್ಪ್ಯಾನರ್ ಹಾರಾಡ್ತಾವು," ಎಂದ, ಆಡಿಗೇ.

ಆಡು ಬೇಸತ್ತು ಎದ್ದು ಬೇಲಿಯ ಕಡೆ ಹೋಯಿತು. ಪಾಲಣ್ಣನ ಮಾತೂ ನಿಂತಿತು. ಇನ್ನೇನು ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ ಎನಿಸಿದಾಗ ನನಗೆ ಹೆದರಿಕೆಯಾಯಿತು. ಗೇರ್ ಬೀಳದಿದ್ದಕ್ಕೂ ಇಷ್ಟು ಹೆದರಿರಲಿಲ್ಲ.

"ಪಾಲಣ್ಣ," ಎಂದೆ. "ಬಾರಲೇ. ರಾಡ್ ಹಿಡ್ಕ."

ಅವನು ಬಂದ. ಸ್ಪ್ಯಾನರ್ ಕೈಗಿಟ್ಟು, ಹಗ್ಗ ಬಿಚ್ಚಿ, ಸೀಟಿನಲ್ಲಿ ಕೂತ. ನಾನು ಕಾರಿನಡಿ ಅಂಗಾತ ಮಲಗಿದೆ.

"ಎಡಕ್ಕ ವಾಲೇತಿ. ಈಟು ಬಲಕ್ಕ ತಗ. ಹ್ಞಾಂ, ಅಲ್ಲೇ."

ಬಲಗೈಯಿಂದ ಎರಡು ಸುತ್ತು ತಿರುಗಿಸಿದೆ. ಬೋಲ್ಟ್ ಬಿಗಿಯಾಯಿತು. ಅರ್ಧ ದಿನ ಆಗದ ಕೆಲಸ ಅರ್ಧ ನಿಮಿಷಕ್ಕೆ ಮುಗಿಯಿತು.

"ಆತೇನಣ್ಣ?" ಮೇಲಿನಿಂದ ಕೇಳಿದ.

ಸ್ಪ್ಯಾನರನ್ನು ಸದ್ದಾಗದಂತೆ ಎದೆಯ ಮೇಲಿಟ್ಟುಕೊಂಡೆ.

"ಇನ್ನೂ ಇಲ್ಲಲೇ," ಎಂದೆ. "ಬಿಡಬ್ಯಾಡ, ಹಿಡ್ಕಂಡಿರು."