ಹಲಗೆಯಾಚೆಯ ಹೊಗೆ

ಬೆಳಗಿನ ದೀಪ ಹಚ್ಚಿ ಕೈಮುಗಿದು ಪದ್ಯ ಎತ್ತಿಕೊಂಡ ಕಾತ್ಯಾಯಿನಿಗೆ ಮೂರನೆಯ ಸಾಲಿನ ನಡುವೆ ಉಸಿರು ಕೈಕೊಟ್ಟಿತು. ಷಟ್ಪದಿಯ ಮೂರನೆಯ ಸಾಲು ಮೊದಲೆರಡಕ್ಕಿಂತ ಉದ್ದ. ಏರಿಕೊಂಡು ಹೋಗಿ, ತುದಿಯಲ್ಲಿ ಒಂದಿಷ್ಟು ನಿಂತು, ಆಮೇಲೆ ಇಳಿಯಬೇಕು. ಮೈಸೂರಿನ ಮನೆಯ ಪಡಸಾಲೆಯಲ್ಲಿ ಅಪ್ಪ ಕಾವ್ಯ ವಾಚಿಸುವಾಗ ಕಂಬಕ್ಕೊರಗಿ ಕೂತು ಕೇಳಿಯೇ ಬೆಳೆದವಳು ಅವಳು. "ಸಾಲಿನ ನಡುವೆ ಉಸಿರೆಳೆದರೆ ಬಡಿಸಿದ ಎಲೆ ಬಿಟ್ಟು ಅರ್ಧಕ್ಕೆ ಎದ್ದ ಹಾಗೆ, ಮಗಳೇ" ಎನ್ನುತ್ತಿದ್ದರು ಅಪ್ಪ. ಈಗ ಟೋಕಿಯೋದ ಕೋಟೋ ಬಡಾವಣೆಯಲ್ಲಿ, ಒಂಬತ್ತನೆಯ ಮಹಡಿಯ ಫ್ಲಾಟಿನಲ್ಲಿ, ಹಾಸಿಗೆ ಮಡಿಸಿಡುವ ಗೂಡನ್ನೇ ದೇವರ ಮನೆ ಮಾಡಿಕೊಂಡು ಅದರ ಮುಂದೆ ಕೂತವಳಿಗೆ ದಿನಾ ಎಲೆ ಬಿಟ್ಟು ಏಳುವ ಪಾಡು. ಇನ್ನೊಮ್ಮೆ ಎತ್ತಿಕೊಂಡಳು. ಈ ಸಲ ಕೆಮ್ಮು ಬಂತು.

ಬೆನ್ನ ಹಿಂದೆ ಗಂಡ ಅನಂತ ಟೈ ಕಟ್ಟಿಕೊಳ್ಳುತ್ತಿದ್ದ.

"ರೀ, ನಗಬೇಡಿ."

"ನಾನೆಲ್ಲೇ ನಕ್ಕೆ? ನಮ್ಮಜ್ಜಿ ನಶ್ಯ ಏರಿಸ್ಕೊಂಡು ಸಹಸ್ರನಾಮ ಹೇಳೋಳು. ಮಧ್ಯೆ ಮಧ್ಯೆ ಆಕ್ಷೀ ಅನ್ನೋಳು. ಅದೂ ಒಂದು ನಾಮ ಅಂತಲೇ ನಾವೆಲ್ಲ ನಂಬಿದ್ವಿ. ನೀನು ಮನೆತನಕ್ಕೆ ತಕ್ಕ ಸೊಸೆ ಕಣೆ."

"ತಮಾಷೆ ಸಾಕು. ನಾನು ಸಿಗರೇಟು ಬಿಡಬೇಕು. ದೇವರ ಮುಂದೆ ಒಂದು ಪದ್ಯ ಮುಗಿಸಕ್ಕಾಗಲ್ಲ ಅಂದ್ರೆ ಏನ್ರೀ ಅದು?"

ಅನಂತನ ದನಿ ಮೆತ್ತಗಾಯಿತು. "ಹಂಗಾದ್ರೆ ಎಲೆಕ್ಟ್ರಾನಿಕ್ ಸಿಗರೇಟು ಒಂದು ತಗೊಂಡು ನೋಡು. ಶಿನಾಗಾವಾ ಆಫೀಸಲ್ಲಿ ಅರ್ಧ ಜನ ಈಗ ಅದನ್ನೇ ಹಿಡ್ಕೊಂಡು ಓಡಾಡ್ತಿದಾರೆ. ಪಕ್ಕದಲ್ಲೇ ನಿಂತ್ರೂ ವಾಸನೆ ಬರಲ್ಲ, ಗೊತ್ತೇ ಆಗಲ್ಲ."

ಗೊತ್ತೇ ಆಗಲ್ಲ ಎಂದ ಆ ಮಾತು, ಅವನು ಹೊರಟುಹೋದ ಮೇಲೂ ಮನೆಯಲ್ಲಿ ಉಳಿದುಕೊಂಡಿತು.

ಕಾತ್ಯಾಯಿನಿ ಸಿಗರೇಟು ಹಿಡಿದದ್ದು ಷೋಕಿಗಲ್ಲ, ಭೂಕಂಪಕ್ಕೆ. ಎರಡು ಸಾವಿರದ ಹನ್ನೊಂದರ ಆ ಮಾರ್ಚ್ ಮಧ್ಯಾಹ್ನ ಮಗಳು ನಮ್ರತಾ ಮೂರು ವರ್ಷದ ಕೂಸು. ಕಟ್ಟಡ ತೊಟ್ಟಿಲ ಹಾಗೆ ತೂಗಿತು. ತೂಗಿ ತೂಗಿ ನಿಂತಾಗ ಲಿಫ್ಟು ಸತ್ತಿತ್ತು, ಫೋನು ಸತ್ತಿತ್ತು, ಗಂಡ ಶಿನಾಗಾವಾದಲ್ಲಿ. ಅತ್ತು ಸುಸ್ತಾದ ಮಗು ಊಟದ ಮೇಜಿನ ಕೆಳಗೇ ನಿದ್ದೆ ಹೋಯಿತು. ಇವಳು ಬಾಲ್ಕನಿಗೆ ಬಂದು ಕಂಬಿ ಹಿಡಿದು ನಿಂತಳು. ಅಲ್ಲಿ ಎರಡು ಮನೆಗಳ ಬಾಲ್ಕನಿಯ ನಡುವೆ ಒಂದು ತೆಳ್ಳನೆಯ ಹಲಗೆ. ಆಪತ್ತಿನಲ್ಲಿ ಇದನ್ನು ಒಡೆದು ಪಕ್ಕದ ಮನೆಗೆ ದಾಟಿಕೊಳ್ಳಿ ಎಂದು ಅದರ ಮೇಲೆ ಬರೆದಿರುತ್ತದೆ, ಆದರೆ ಆಗ ಅವಳಿಗೆ ಓದಲು ಬರುತ್ತಿರಲಿಲ್ಲ. ಹಲಗೆಯ ಆಚೆಯಿಂದ "ದೈಜೋಬು?" ಎಂದು ಒಂದು ಮುದಿದನಿ ಕೇಳಿತು. ಪರವಾಗಿಲ್ಲವಾ, ಎಂದು. ಇವಳಿಂದ ಹೊರಟದ್ದು ಅಳು. ಸ್ವಲ್ಪ ಹೊತ್ತಿನ ಮೇಲೆ ಹಲಗೆಯ ಅಂಚಿನಾಚೆಯಿಂದ ಸುಕ್ಕುಗಟ್ಟಿದ ಕೈಯೊಂದು ಹಚ್ಚಿದ ಸಿಗರೇಟು ಹಿಡಿದುಕೊಂಡು ಇತ್ತ ಬಂತು. ಗುಡಿಯಲ್ಲಿ ತೀರ್ಥಕ್ಕೆ ಕೈಯೊಡ್ಡುವಾಗ ಯಾರು ಯೋಚಿಸುತ್ತಾರೆ? ಹಾಗೆಯೇ ತೆಗೆದುಕೊಂಡಳು. ಎಳೆದಳು, ಕೆಮ್ಮಿದಳು. ಆಚೆ ಕಡೆ ಆ ಮುದಿದನಿ ನಕ್ಕಿತು. ನೆಲ ಮತ್ತೆ ನಡುಗಿತು, ಆದರೆ ಈಗ ನಡುಗುವವರು ಇಬ್ಬರಿದ್ದರು.

ಆಕೆ ಓಕಾಬೆ-ಸಾನ್. ಗಂಡ ತೀರಿಹೋದ ಒಂಟಿ ಮುದುಕಿ. ಅಂದಿನಿಂದ ಆರು ವರ್ಷ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಇಬ್ಬರೂ ತಂತಮ್ಮ ಬಾಲ್ಕನಿಗೆ ಬರುವುದು. ಆ ಕಡೆ ಲೈಟರಿನ ಟಿಕ್, ಈ ಕಡೆ ಟಿಕ್. ಹೊಗೆ ಮಾತ್ರ ಹಲಗೆ ದಾಟುತ್ತಿತ್ತು. ಚಳಿ ಅಲ್ಲವೇ, ಚಳಿ. ಕಾಲುವೆಯಲ್ಲಿ ನೀರು ಏರಿದೆ, ಹೌದು ಏರಿದೆ. ಅಷ್ಟೇ ಮಾತು. ಲಿಫ್ಟಿನಲ್ಲಿ ಎದುರಾದರೆ ಇಬ್ಬರೂ ತಲೆಬಾಗಿಸಿ ಗುರುತಿಲ್ಲದವರ ಹಾಗೆ ನಿಂತುಬಿಡುತ್ತಿದ್ದರು. ಆದರೂ ಅನಂತ ರಾತ್ರಿ ಮನೆಗೆ ಬರುವವರೆಗೆ, ನಮ್ರತಾ ಶಾಲೆಯಿಂದ ಬಂದು ಅರ್ಧ ಜಪಾನಿಯಲ್ಲಿ ಅರ್ಧ ಇಂಗ್ಲಿಷಿನಲ್ಲಿ ಏನೋ ಹೇಳಿ ಬಾಗಿಲು ಹಾಕಿಕೊಳ್ಳುವವರೆಗೆ, ಕಾತ್ಯಾಯಿನಿ ಈ ಊರಿನಲ್ಲಿ ಇದ್ದಾಳೆ ಎಂಬುದಕ್ಕೆ ಸಾಕ್ಷಿ ಆ ಮುದುಕಿ ಒಬ್ಬಳೇ. ಸಿಗರೇಟು ಬಿಡುವುದು ಕಷ್ಟವೇನಲ್ಲ. ಆ ಸಾಕ್ಷಿಯನ್ನು ಬಿಡುವುದು ಹೇಗೆಂದು ತಿಳಿಯುತ್ತಿರಲಿಲ್ಲ.

ಅಂಗಡಿಗೆ ಒಬ್ಬಳೇ ಹೋದಳು. ಬೇರೆ ಸಾಮಾನಿಗಾದರೆ ಮಾತು ತಿರುಗಿಸಲು ಮಗಳನ್ನು ಕರೆದೊಯ್ಯುತ್ತಿದ್ದಳು. ಈ ಸಾಮಾನಿಗೆ ಕರೆದೊಯ್ಯುವ ಹಾಗಿರಲಿಲ್ಲ. ಗಾಜಿನ ಕಪಾಟಿನ ಮುಂದೆ ಕಾಲೇಜಿಗೆ ಹೋಗುವ ವಯಸ್ಸಿನವಳೆಂಬಂತಿದ್ದ ಅಂಗಡಿಯ ಹುಡುಗಿ ನಡು ಬಗ್ಗಿಸಿ ನಮಸ್ಕರಿಸಿದಳು. ಪೆನ್ನಿನಂಥವು, ಲಿಪ್‌ಸ್ಟಿಕ್ಕಿನಂಥವು, ಕಾರಿನ ಕೀಲಿಯಂಥವು ಸಾಲಾಗಿ ಇದ್ದವು. ಯಾವುದನ್ನು ನೋಡಿದರೂ ಸಿಗರೇಟು ಎನ್ನಿಸಲಿಲ್ಲ.

ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಅರ್ಥವಾಗದ ಕಡೆ ಫೋನಿಗೆ ಹೇಳಿ ಅದರಿಂದ ಇಂಗ್ಲಿಷು ಹೇಳಿಸಿದಳು. "ಇವು ತಂಬಾಕಿನವು. ಸುಡೋದಿಲ್ಲ, ಕಾಯಿಸುತ್ತೆ. ಆಫೀಸಿನವರು ಹೆಚ್ಚು ತಗೊಳ್ಳೋದು ಇದನ್ನೇ."

"ತಂಬಾಕು ಇದೆಯಾ? ಹಾಗಾದ್ರೆ ಬಿಟ್ಟ ಹಾಗೆ ಹೇಗೆ ಆಗುತ್ತೆ?"

ಹುಡುಗಿ ಮುಜುಗರದಿಂದ ನಕ್ಕಳು. "ಬಿಟ್ಟ ಹಾಗೆ ಅಂತ ನಾವು ಹೇಳೋ ಹಾಗಿಲ್ಲ. ಪೂರ್ತಿ ಬಿಡೋದಾದ್ರೆ ಇವು ನೋಡಿ. ತಂಬಾಕಿಲ್ಲ, ನಿಕೋಟಿನ್ ಇಲ್ಲ. ನಿಕೋಟಿನ್ ಇರೋ ರಸ ಇಲ್ಲಿ ಮಾರೋದಿಲ್ಲ. ಬರೀ ಪರಿಮಳದ ಆವಿ. ನಿಮಗೆ ಸಿಗರೇಟು ಬೇಕನ್ನಿಸೋದು ಯಾಕೆ? ಗಂಟಲಿಗಾ, ಕೈಗಾ?" ಎಂದು ಕೇಳಿ ಫೋನಿಗೆ ಇನ್ನೇನೋ ಹೇಳಿದಳು. ಬಾಯಾಡಿಸಲು ಏನಾದರೂ ಬೇಕೆನ್ನಿಸುತ್ತದೆಯೇ ಎಂಬುದಕ್ಕೆ ಜಪಾನಿಯಲ್ಲಿರುವ ಮಾತನ್ನು ಇದ್ದಹಾಗೇ ತಿರುಗಿಸಿ, ನಿಮ್ಮ ಬಾಯಿಗೆ ಒಂಟಿತನವೇ ಎಂದು ಫೋನು ಕೇಳಿತು.

ಕಾತ್ಯಾಯಿನಿ ಜೋರಾಗಿ ನಕ್ಕುಬಿಟ್ಟಳು. ಪಾಪ, ಹುಡುಗಿ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಕೆಂಪಾದಳು.

ಕಾಯಿಸುವ ತಂಬಾಕು ತಗೊಂಡರೆ ಹಳೆಯ ಹೊಗೆಯ ಒಂದು ಎಳೆಯಾದರೂ ಉಳಿಯುತ್ತದೆ. ಆವಿಯಾದರೆ ಏನೂ ಉಳಿಯುವುದಿಲ್ಲ, ಉಸಿರು ಮಾತ್ರ ಉಳಿಯುತ್ತದೆ. ಕೈ ಎರಡರ ಮೇಲೂ ಹೋಗಿ ಬಂತು. ಮೂರನೆಯ ಸಾಲು ನೆನಪಾಗಿ ಕೊನೆಗೆ ಪೆನ್ನಿನಂಥದ್ದನ್ನೇ ಎತ್ತಿಕೊಂಡಳು. ಪರಿಮಳ ಯಾವುದಿರಲಿ ಎಂದಾಗ ಯೂಜು ಎಂದಳು. ನಮ್ಮ ನಿಂಬೆಯ ದಾಯಾದಿಯಂಥ ಹಣ್ಣು ಅದು, ಹೆರಳೆಕಾಯಿಯ ಸಿಪ್ಪೆ ಚಿವುಟಿದ ಹಾಗೆ ವಾಸನೆ.

ಮಧ್ಯಾಹ್ನ ಪಾತ್ರೆ ತೊಳೆದು ಬಾಲ್ಕನಿಗೆ ಬಂದು ಗಿಡ್ಡ ಸ್ಟೂಲಿನ ಮೇಲೆ ಕೂತಳು. ಆ ಕಡೆ ಟಿಕ್ ಎಂದಿತು. ಹಲಗೆಯ ಅಂಚಿನಿಂದ ಹೊಗೆ ಬಂತು. ಈ ಕಡೆ ಟಿಕ್ ಎನ್ನಲು ಲೈಟರೇ ಇಲ್ಲ. ಪೆನ್ನಿನ ಗುಂಡಿ ಒತ್ತಿ ಎಳೆದಳು, ಬೆಚ್ಚಗಿನ ಆವಿ ಬಂತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು: ನಾನು ಬಿಡುತ್ತಿದ್ದೇನೆ, ಎಂದು. ಆದರೆ ಹಾಗೆಂದರೆ, ನೀವಿನ್ನೂ ಅದೇ ಕೊಳೆಯಲ್ಲಿದ್ದೀರಿ, ನಾನು ಕಾಲು ತೊಳೆದುಕೊಂಡೆ ಎಂದಂತೆ ಆಗುವುದಿಲ್ಲವೇ? ಅದೂ ಕೊಟ್ಟ ಕೈಗೇ? ನಾಳೆ ಹೇಳಿದರಾಯಿತು ಎಂದುಕೊಂಡಳು. ಆಚೆ ಕಡೆ ಓಕಾಬೆ-ಸಾನ್ ಕಾದರು. ಕಾಯುವುದಕ್ಕೂ ಒಂದು ಸದ್ದಿರುತ್ತದೆ, ಕೇಳಿ ಬೆಳೆದವರಿಗೆ ಅದು ತಿಳಿಯುತ್ತದೆ. ಆಮೇಲೆ ಒಮ್ಮೆ ಕೆಮ್ಮಿ ಒಳಗೆ ಹೋದರು.

ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು. ನಿನ್ನೆ ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕಿತ್ತಲ್ಲ. ಅದರ ಮರುದಿನ, ಹಲಗೆಯ ಬುಡದ ಸಂದಿಯಲ್ಲಿ ತನ್ನ ಚಪ್ಪಲಿ ಆಚೆಗೆ ಕಾಣಬಹುದೆಂದು ಹೊಳೆದು ಕಾಲನ್ನು ಮೆಲ್ಲನೆ ಒಳಗೆಳೆದುಕೊಂಡಳು. ಎಳೆದುಕೊಂಡವಳಿಗೆ ಮೈಯೆಲ್ಲ ನಾಚಿಕೆ. ಕಳ್ಳಿಯಂತೆ ಉಸಿರು ಬಿಗಿಹಿಡಿದು, ತನ್ನ ಮನೆಯಲ್ಲೇ ಬಚ್ಚಿಟ್ಟುಕೊಂಡು, ಯಾರು ಬೇಕೋ ಅವರಿಂದಲೇ ಅಡಗಿ ಕೂತಿದ್ದಾಳೆ. ಹೀಗೆಯೇ ದಿನಗಳು ಹೋದವು. ಒಂದು ಬೆಳಿಗ್ಗೆ ಮೂರನೆಯ ಸಾಲು ಮುರಿಯದೆ ತುದಿ ಮುಟ್ಟಿತು. ಕೇಳಿದವರು ದೇವರೊಬ್ಬರೇ.

ಅಂದೇ ಸಂಜೆ ನಮ್ರತಾ ಬ್ಯಾಗು ಬಿಸಾಕುತ್ತ ಅಂದಳು, "ಅಮ್ಮ, ಲಿಫ್ಟಲ್ಲಿ ಓಕಾಬೆ ಒಬಾಚಾನ್ ಸಿಕ್ಕಿದ್ರು. ನಿನ್ನ ಅಮ್ಮ ಇಂಡಿಯಾಗೆ ವಾಪಸ್ ಹೋದ್ರಾ ಅಂತ ಕೇಳಿದ್ರು."

ಕಾತ್ಯಾಯಿನಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ನೀನೇನಂದೆ?"

"ನೋ, ಶಿ ಈಸ್ ಹಿಯರ್, ದಿನಾ ಬಾಲ್ಕನೀಲಿ ಕೂತಿರ್ತಾಳೆ, ಸ್ಮೋಕಿಂಗ್ ಬಿಡ್ತಿದಾಳೆ ಅಂತ ಹೇಳ್ದೆ. ಯಾಕೆ, ಸೀಕ್ರೆಟ್ಟಾ?"

"ಇಲ್ಲ ಪುಟ್ಟಿ, ಸೀಕ್ರೆಟ್ ಏನೂ ಇಲ್ಲ. ಅದಕ್ಕೆ ಅವರೇನಂದ್ರು?"

"ಯೋಕತ್ತಾ ಅಂದ್ರು. ಸದ್ಯ, ಒಳ್ಳೇದಾಯ್ತು ಅಂತ."

ಮರುದಿನ ಬಾಗಿಲ ಹಿಡಿಕೆಗೆ ಒಂದು ಪುಟ್ಟ ಚೀಲ ತೂಗುತ್ತಿತ್ತು. ಒಳಗೆ ಗಂಟಲಿಗೆ ಹಿತವಾದ ಜೇನಿನ ಪೆಪ್ಪರಮೆಂಟು. ಯಾರು ಇಟ್ಟರೆಂದು ಯಾರೂ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನ ಇವಳು ಚಪ್ಪಲಿ ಚೆನ್ನಾಗಿ ಕಾಣುವಂತೆ ಚಾಚಿಕೊಂಡೇ ಕೂತಳು. ಆ ಕಡೆ ಟಿಕ್ ಎನ್ನಲಿಲ್ಲ. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಹೊಗೆಯಿಲ್ಲದ ಗಾಳಿ ಸುಮ್ಮನೆ ಬಂದು ಸುಮ್ಮನೆ ಹೋಯಿತು. ಹೋಗಿ ಕರೆಗಂಟೆ ಒತ್ತಿದಳು, ಯಾರೂ ಬರಲಿಲ್ಲ. ಮುದುಕಿ ಮುನಿಸಿಕೊಂಡಿತು, ಬೀಳ್ಕೊಡುಗೆಗೆ ಪೆಪ್ಪರಮೆಂಟು ಕೊಟ್ಟಿತು ಎಂದುಕೊಂಡು ಬಾಲ್ಕನಿಗೆ ವಾಪಸು ಬಂದು ಕಂಬಿಗೆ ಒರಗಿದಳು.

ಆಗ ಕೆಳಗೆ ಕಂಡಿತು. ಕಾಲುವೆಯ ಸೇತುವೆಯ ಬದಿಗೆ, ಬೂದಿಡಬ್ಬಿ ಇಟ್ಟು ಸಿಗರೇಟಿಗೆಂದೇ ಬಿಟ್ಟ ಮೂಲೆಯಲ್ಲಿ, ಆಫೀಸಿನ ಗಂಡಸರ ನಡುವೆ ಒಂದು ನೇರಳೆ ಉಣ್ಣೆಯ ಟೋಪಿ. ಲಿಫ್ಟಿನಲ್ಲಿ ಎಷ್ಟೋ ಸಲ ಪಕ್ಕದಲ್ಲೇ ನಿಂತ ಟೋಪಿ ಅದು. ಕಾತ್ಯಾಯಿನಿ ಸ್ವೆಟರೂ ಹಾಕಿಕೊಳ್ಳದೆ ಇಳಿದು ಓಡಿದಳು.

"ಓಕಾಬೆ-ಸಾನ್."

ಮುದುಕಿ ಬೆಚ್ಚಿ, ಮೇಷ್ಟರ ಕೈಗೆ ಸಿಕ್ಕಿಬಿದ್ದ ಹುಡುಗಿಯ ಹಾಗೆ, ಸಿಗರೇಟನ್ನು ಬೆನ್ನ ಹಿಂದೆ ಮರೆಮಾಡಿದರು. "ಸುಮಿಮಾಸೆನ್! ಇಲ್ಲಿಗೂ ಬಂದಿರಾ? ಬರಬೇಡಿ, ಇಲ್ಲಿ ಎಲ್ಲರ ಹೊಗೆ."

"ನೀವು ಬಾಲ್ಕನಿಗೆ ಬರೋದೇ ಬಿಟ್ಟಿರಿ."

"ಬಿಡುತ್ತಿರುವವರ ಪಕ್ಕ ಸೇದಬಾರದು" ಎಂದು ಓಕಾಬೆ-ಸಾನ್ ಗಾಳಿ ನೋಡಿ ಇನ್ನೊಂದು ಬದಿಗೆ ಸರಿದು ನಿಂತರು. "ನನ್ನ ಯಜಮಾನರು ಬಿಡಬೇಕೆಂದಿದ್ದಾಗ ನಾನು ಅವರ ಎದುರಿಗೇ ಸೇದುತ್ತಿದ್ದೆ. ಅವರಿಗೆ ಬಿಡಲಾಗಲಿಲ್ಲ."

ಕಾತ್ಯಾಯಿನಿ ತನಗಿದ್ದ ಮುರುಕು ಜಪಾನಿಯಲ್ಲಿ ಹೇಳಿಯೇಬಿಟ್ಟಳು. "ಅಷ್ಟೂ ದಿನ ನಾನು ಅಲ್ಲೇ ಇದ್ದೆ. ಕಾಲು ಕೂಡ ಮರೆಮಾಡಿಕೊಂಡೆ. ಹೇಳಲಿಕ್ಕೆ ನಾಚಿಕೆಯಾಯಿತು."

"ಯಾರೋ ಇದ್ದಾರೆಂದು ಗೊತ್ತಿತ್ತು. ದಿನಾ ಯೂಜು ವಾಸನೆ ಬರುತ್ತಿತ್ತು." ಮುದುಕಿ ನಗುವುದೋ ಬೇಡವೋ ಎಂಬಂತೆ ನಿಂತರು. "ನೀವು ಊರಿಗೆ ಹೋಗಿಬಿಟ್ಟಿರಿ, ಆ ಮನೆಗೆ ಸಿಹಿ ವಾಸನೆಯ ಹೊಸಬರು ಬಂದರು ಅಂದುಕೊಂಡೆ. ಎಷ್ಟು ಕೋಪ ಬಂತು ಗೊತ್ತೇ ಅವರ ಮೇಲೆ! ಆಮೇಲೆ ಲಿಫ್ಟಿನಲ್ಲಿ ನಿಮ್ಮ ಮಗಳೇ ಸಿಕ್ಕಿದಳು."

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಏನು ಮಾಡುವುದೆಂದು ತಿಳಿಯಲಿಲ್ಲ. ನಡುವೆ ಹಲಗೆಯಿಲ್ಲದೆ ಮಾತಾಡಿ ಇಬ್ಬರಿಗೂ ರೂಢಿಯಿಲ್ಲ. ಮುಖ ನೋಡಲಾರದೆ ಇಬ್ಬರೂ ಕಾಲುವೆಯ ಕಡೆ ತಿರುಗಿದರು.

"ಸಿಗರೇಟಿಗೆ ಇಲ್ಲಿಗೇ ಬನ್ನಿ. ಆದರೆ ಮಧ್ಯಾಹ್ನ ಬಾಲ್ಕನಿಗೂ ಬನ್ನಿ" ಎಂದಳು ಕಾತ್ಯಾಯಿನಿ. "ಸುಮ್ಮನೆ."

ಓಕಾಬೆ-ಸಾನ್ ಬೆನ್ನ ಹಿಂದಿನ ಸಿಗರೇಟನ್ನು ಬೂದಿಡಬ್ಬಿಗೆ ಒತ್ತಿದರು. "ಸೇದದೆ ಅಲ್ಲಿ ನಿಂತು ಏನು ಮಾಡುವುದು?"

ಚೇಷ್ಟೆಯ ಪ್ರಶ್ನೆಯಲ್ಲ ಅದು. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಚಳಿಯಾಗುತ್ತದೆ, ಹೋಗಿ ಎಂದು ಮುದುಕಿ ಕೈಯಾಡಿಸಿದರು. ಲಿಫ್ಟಿನಲ್ಲಿ ಒಬ್ಬಳೇ ಮೇಲೆ ಬಂದಳು.

ಮರುದಿನ ಪಾತ್ರೆ ತೊಳೆದು ಸ್ಟೂಲಿನ ಮೇಲೆ ಕೂತಳು. ಪೆನ್ನು ಒಳಗೇ ಉಳಿದಿತ್ತು, ತರಬೇಕೆನ್ನಿಸಲಿಲ್ಲ. ಆ ಕಡೆ ಮೌನ. ಮಾರನೆಯ ದಿನವೂ ಮೌನ. ಇನ್ನು ಇದೇ ಅಭ್ಯಾಸವಾಗಬೇಕು ಎಂದುಕೊಂಡು ಏಳುವಷ್ಟರಲ್ಲಿ ಆಚೆಯ ಗಾಜಿನ ಬಾಗಿಲು ಸರಿದ ಸದ್ದಾಯಿತು. ಒದ್ದೆ ಬಟ್ಟೆ ಕೊಡವಿದ ಸದ್ದು. ಬಿದಿರುಗಳುವಿಗೆ ಕ್ಲಿಪ್ಪು ಕಚ್ಚಿದ ಸದ್ದು.

ಈ ಊರಿನಲ್ಲಿ ಬಟ್ಟೆ ಹರವುವುದು ಬೆಳಿಗ್ಗೆ. ಈ ಹೊತ್ತಿಗೆ ಎಲ್ಲರೂ ಒಣಗಿದ್ದನ್ನು ಒಳಗೆ ತೆಗೆದುಕೊಳ್ಳುತ್ತಾರೆ. ಹಲಗೆಯ ಸಂದಿಯಲ್ಲಿ ಮುದಿ ಪಾದಗಳೆರಡು ಕಂಡವು, ಅವುಗಳ ಪಕ್ಕ ಒಂದು ಬಕೆಟು. ಬಕೆಟಿನ ಮೇಲೆ ಕೈ ಒರೆಸುವ ಒಂದೇ ಒಂದು ಟವೆಲು ಉಳಿದಿತ್ತು.

"ಬಿಸಿಲು ಇಳಿಯಿತು" ಎಂದಳು ಕಾತ್ಯಾಯಿನಿ. "ಒಣಗುವುದಿಲ್ಲ."

"ಇಲ್ಲ, ಒಣಗುವುದಿಲ್ಲ" ಎಂದರು ಓಕಾಬೆ-ಸಾನ್. ಹಾಕಿದ ಕ್ಲಿಪ್ಪನ್ನು ತೆಗೆದು, ಬಟ್ಟೆಯನ್ನು ಇನ್ನೊಮ್ಮೆ ಕೊಡವಿ, ಮತ್ತೆ ಹಾಕತೊಡಗಿದರು.