ಎಡಕ್ಕೆ ಬಿಗಿಯುವ ನಟ್ಟು

ಮತ್ತೆ ತಿರುಗಿತಲ್ಲ ಈ ಹಾಳು ಚಕ್ರ — ಪಾನಾ ಎಳೆದರೆ ನಟ್ಟು ಬಿಗಿಯಬೇಕು, ಇಲ್ಲಿ ನಟ್ಟಿನ ಜೊತೆಗೆ ಮುಂದಿನ ಹಲ್ಲುಚಕ್ರ, ಅದರ ಬೆನ್ನಿಗೆ ಚೈನು, ಚೈನಿನ ಬೆನ್ನಿಗೆ ಹಿಂದಿನ ಗಾಲಿ, ಎಲ್ಲ ಮೆರವಣಿಗೆ ಹೊರಟಂತೆ ಸುತ್ತುತ್ತವೆ, ಜಂಬಪ್ಪ ಗೋಣಿತಟ್ಟಿನ ಮೇಲೆ ಸರಿದು ಕೂತ, ಎಡಕ್ಕೇ ತಾನೆ, ಹೌದು ಎಡಕ್ಕೇ, ತಾನು ದುಡಿಯುವ ಹತ್ತಿ ಜಿನ್ನಿಂಗ್ ಮಿಲ್ಲಿನ ನಟ್ಟುಗಳೆಲ್ಲ ಬಲಕ್ಕೆ ಬಿಗಿಯುತ್ತವೆ, ಮಿಲಿಟರಿ ಹರಾಜಿನಲ್ಲಿ ಕೊಂಡ ಅಳಿಯನ ಈ ಮೋಟಾರ್ ಸೈಕಲ್ಲಿನದು ಮಾತ್ರ ಉಲ್ಟಾ, ಇಂಥದೇ ಗಾಡಿಯೊಂದರ ನಟ್ಟನ್ನು ಮೊದಲ ಸಲ ಬಲಕ್ಕೆ ತಿರುಗಿಸಿ ಬೆವರಿಳಿಸಿಕೊಂಡಾಗ ಮಿಲ್ಲಿನ ದಸ್ತಗಿರಿ ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕಿದ್ದ, ಲೇ ಜಂಬ್ಯಾ, ಬಿಗಿಯಾಕ ಹತ್ತೀಯೋ ಬಿಚ್ಚಾಕ ಹತ್ತೀಯೋ. ಒತ್ತವ್ವ, ಇನ್ನೊಂಚೂರು ಒತ್ತು, ಅಂದ ಸೀಟಿನ ಮೇಲೆ ಕೂತ ಮಗಳಿಗೆ, ಒತ್ತೀನ್ಯಪ್ಪ ಅಂದಳು ಕೊಟ್ರಮ್ಮ, ಬ್ರೇಕು ಹಿಡಿದರೆ ಗಾಲಿ ನಿಲ್ಲುತ್ತದೆ, ಗಾಲಿ ನಿಂತರೆ ಚೈನು, ಚೈನು ನಿಂತರೆ ಚಕ್ರ, ಆಗಲೇ ನಟ್ಟು ಕಚ್ಚುವುದು, ಮದುವೆಗೆ ಮುಂಚೆ ಅಂಗಳಕ್ಕೆ ರಿಪೇರಿಗೆ ಬಂದ ಗಾಡಿಗಳಿಗೆಲ್ಲ ಇದು ಅವಳದೇ ಕೆಲಸ, ಕಬ್ಬಿಣ ಕಿರುಗುಟ್ಟುವಂತೆ ಒತ್ತುತ್ತಿದ್ದಳು, ಹೆಂಡತಿ ಲಿಂಗಕ್ಕ ಒಳಗಿನಿಂದ ಬೈಯುವಳು, ಗಂಡಸಿನಂಗ ಗಾಡಿ ಏರಿ ಕುಂತಾಳ, ಇಂಥಾಕಿನ್ನ ಯಾರು ಮಾಡಿಕೊಂತಾರ — ಮಾಡಿಕೊಂಡರಲ್ಲ, ಮೋಟಾರ್ ಸೈಕಲ್ ಇದ್ದ ಮನೆಯವರೇ ಮಾಡಿಕೊಂಡರು, ಗಡಿಯಾಚೆ ತೆಲುಗು ಸೀಮೆಯ ಆಸ್ಪರಿಗೆ ಹುಡುಗನನ್ನು ನೋಡಲು ಹೋದವನು ಗಾಡಿ ನೋಡಿ ಬಂದ ಅಂತ ಓಣಿಯವರು ಈಗಲೂ ಚೇಷ್ಟೆ ಮಾಡುತ್ತಾರೆ, ಸುಳ್ಳೇನಲ್ಲ, ಇಂಜಿನ್ನಿನ ಸದ್ದು ಕೇಳಿದ್ದ, ಎಣ್ಣೆ ಸೋರುವುದೋ ನೋಡಿದ್ದ, ಹುಡುಗನ ಮಾತು ಕೇಳಿದ ನೆನಪಿಲ್ಲ. ಕಣ್ಣಿನ ಪಕ್ಕದಲ್ಲೇ ಮಗಳ ಎಡಗಾಲು, ಈ ಹಳೆ ಗಾಡಿಗೆ ಬ್ರೇಕಿನ ಪೆಡಲೂ ಎಡಕ್ಕೇ, ಅರಿಸಿನದ ಹಿಮ್ಮಡಿ, ಬೆಳ್ಳಿಯ ಕಾಲುಂಗುರ ಮಿಂಚುತ್ತದೆ.

ಅಯ್ಪೋಯಿಂದಾ ಮಾವಾ, ಮುಗೀತಾ ಅಂತ ಕಟ್ಟೆಯ ಮೇಲೆ ಒಗ್ಗಾಣಿ ಮಿರ್ಚಿ ತಿನ್ನುತ್ತ ಅಳಿಯ ಸುಂಕಪ್ಪ ಕೇಳುತ್ತಾನೆ, ಹೊತ್ತು ಮುಳುಗೋದ್ರಾಗ ಊರು ಮುಟ್ಟಬೇಕ್ರಿ, ಅವನೇ ಬಂದು ಬ್ರೇಕು ಒತ್ತಬಹುದಿತ್ತು, ಆದರೆ ಅಳಿಯನಿಗೆ ಬಾರಪ್ಪ, ಗ್ರೀಸಿನಲ್ಲಿ ಕಾಲಿಡು ಅನ್ನಲಿಕ್ಕಾಗುತ್ತದೆಯೆ, ಊರು ನಕ್ಕೀತು, ಆಯ್ತು ಅಳಿಯಂದ್ರ, ಇದೊಂದು ನಟ್ಟು ಅಷ್ಟ. ಪಂಚಮಿಗೆ ತವರಿಗೆ ಬಂದ ಮಗಳು, ಕರೆದೊಯ್ಯಲು ಬಂದ ಗಂಡ, ಬರುವ ದಾರಿಯಲ್ಲಿ ಗಾಡಿ ಟಕಟಕ ಅಂದಿತಂತೆ, ಬಿಚ್ಚಿ ನೋಡಿದರೆ ನಟ್ಟನ್ನು ಹಿಡಿದಿಡುವ ವಾಷರಿನ ಕಿವಿ ಮುರಿದು ನಟ್ಟು ಅರ್ಧ ಸಡಿಲಾಗಿತ್ತು, ಹಾಗೇ ಇವಳನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದರೆ, ಚೈನು ಹಾರಿ ಗಾಲಿಗೆ ಸಿಕ್ಕಿಕೊಂಡು — ಬೇಡ, ಬಿಡು, ಹೊಸ ವಾಷರು ಹಾಕಿದ್ದಾಗಿದೆ, ನಟ್ಟು ಕಚ್ಚಿದ ಮೇಲೆ ಕಿವಿ ಮಡಚಿ ಸುತ್ತಿಗೆಯಿಂದ ಎರಡು ಬಡಿದರೆ ಮುಗಿಯಿತು, ಹೊರಡುತ್ತಾರೆ. ಮಗಳು ಸರಿಯಾಗಿ ಉಣವಲ್ಲಳು, ಏನಾಗೇತಿ ಕೇಳ್ರಿ, ನೀವು ಕೇಳಿದ್ರ ಹೇಳ್ತಾಳ, ಅಂದಿದ್ದಳು ಲಿಂಗಕ್ಕ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಸುಮ್ನಿರು ಅಂದುಬಿಟ್ಟಿದ್ದ, ಆದರೂ ಒಮ್ಮೆ ಕೇಳಿದ್ದ, ಹೆಂಗೈತವ್ವ ಮನಿ, ಚೆಂದೈತ್ಯಪ್ಪ ಅಂದಳು, ಗಾಡಿ ಹೆಂಗೈತಿ ಅಂತ ಕೇಳಿದ, ಅದೂ ಚೆಂದೈತಿ ಅಂದಳು, ಅಲ್ಲಿಗೆ ಮಾತು ಮುಗಿಯಿತು. ಒತ್ತವ್ವ. ಒತ್ತೀನ್ಯಪ್ಪ. ತಿರುಗಿತು. ಹಾಗಾದರೆ ಬ್ರೇಕೇ ಕೆಟ್ಟಿರಬೇಕು, ಒಳಗಿನ ಪಟ್ಟಿ ಸವೆದಿದೆಯೋ, ಸರಳು ಸಡಿಲೋ, ಎದ್ದು ಹಿಂದೆ ಹೋಗಿ ಸರಳಿನ ತಿರುಪು ಬಿಗಿಮಾಡಿದ, ಮೊಣಕಾಲು ಲಟಕ್ ಅಂದಿತು, ಕಾಲು ಎತ್ತವ್ವ ಅಂತ ಪೆಡಲನ್ನು ತಾನೇ ಕೈಯಲ್ಲಿ ಅದುಮಿ ಇನ್ನೊಂದು ಕೈಯಿಂದ ಗಾಲಿ ತಳ್ಳಿದ, ಗಾಲಿ ಅಲುಗಲಿಲ್ಲ, ಬ್ರೇಕು ಕಲ್ಲಿನಂತಿದೆ, ಬ್ರೇಕಿಗೇನೂ ಆಗಿಲ್ಲ, ನಟ್ಟಿಗೂ ಆಗಿಲ್ಲ, ಹಲ್ಲೊಂದೂ ಸವೆದಿಲ್ಲ, ಮತ್ತೆ ಗೋಣಿತಟ್ಟಿಗೆ ಬಂದು ಕೂತ, ಈಗ ಒತ್ತವ್ವ, ಪಾನಾ ಎಡಕ್ಕೆ, ಚಕ್ರ ಮತ್ತೆ ಸುತ್ತುತ್ತದೆ, ಈ ಸಲ ಅವನು ನಟ್ಟನ್ನು ನೋಡಲಿಲ್ಲ, ಕಾಲನ್ನು ನೋಡಿದ. ಕಾಲು ಪೆಡಲನ್ನು ಮುಟ್ಟಿಯೇ ಇಲ್ಲ, ಒಂದು ಬೆರಳು ಸಂದು, ನಟ್ಟು ಕಚ್ಚದಿದ್ದರೆ ಗಾಡಿ ಹೊರಡುವುದಿಲ್ಲ, ಆತೇನ್ರಿ ಮಾವಾ, ಕಟ್ಟೆಯಿಂದ ಅಳಿಯ ಕೈ ಝಾಡಿಸುತ್ತ ಎದ್ದ, ಒತ್ತೀನ್ಯಪ್ಪ, ಇನ್ನಾ ಒತ್ತೀನಿ ಅನ್ನುತ್ತಿದ್ದಾಳೆ ಮಗಳು ಮೇಲಿನಿಂದ, ಯಾವಾಗಿನದೇ ದನಿ, ಕೆಳಗೆ ಆ ಕಾಲು, ಆ ಕಾಲುಂಗುರ, ಪೆಡಲಿಗಿಂತ ಒಂದು ಬೆರಳು ಮೇಲೆ, ಇಳಿಯುತ್ತಿಲ್ಲ.