ಮೊಮ್ಮಗನಿಗೊಂದು ಒಡಪು

ಬೆಳಿಗ್ಗೆ ಪೂಜೆಗೆ ಕೂತು, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ದೃಷ್ಟಿಯನ್ನು ಅದರ ಮೇಲೆ ನಿಲ್ಲಿಸಿದ್ದೆ. ಅಷ್ಟರಲ್ಲಿ ಪಡಸಾಲೆಯಿಂದ ಬೀಗತಿಯ ದನಿ ಕೇಳಿತು.

“ಏ ಅಮರೇಶಾ! ಚಡ್ಡಿ ಎಲ್ಲಿ ಒಗದು ಬಂದೀಯೋ? ನಾಚಿಕಿ ಆಗೂದಿಲ್ಲೇನ ನಿನಗ?”

ನನ್ನ ದೃಷ್ಟಿ ಲಿಂಗದಿಂದ ಸರಿಯಿತು. ಅಮರೇಶ ಎಂಬುದು ನನ್ನ ಗಂಡನ ಹೆಸರು.

ಅವರು ಲಿಂಗೈಕ್ಯರಾಗಿ ಇದು ಮೂರನೆಯ ವರ್ಷ. ಹುಬ್ಬಳ್ಳಿಯ ಹತ್ತಿ ವ್ಯಾಪಾರದಲ್ಲಿ ಅವರನ್ನು ಅರಿಯದವರಿರಲಿಲ್ಲ. ಇಸ್ತ್ರಿ ಮಾಡಿದ ಧೋತರ, ಮೇಲೊಂದು ಕರಿ ಕೋಟು ಇಲ್ಲದೆ ಅವರು ಹೊಸ್ತಿಲು ದಾಟಿದವರಲ್ಲ. ಜನ ‘ಅಮರೇಶಪ್ಪನವರು’ ಎನ್ನುವಾಗ ದನಿಯನ್ನು ಒಂದಿಷ್ಟು ತಗ್ಗಿಸುತ್ತಿದ್ದರು. ಅಂಥ ಹೆಸರು ಈಗ ಚಡ್ಡಿಯ ಜೊತೆ, ಮೂಗಿನ ಸಿಂಬಳದ ಜೊತೆ ನಮ್ಮ ಮನೆಯ ತುಂಬ ಓಡಾಡುತ್ತಿತ್ತು.

ತಪ್ಪು ಬೀಗತಿಯದಲ್ಲ. ಆ ಹೆಸರಿನ ಎರಡನೆಯ ಒಡೆಯ, ನನ್ನ ಮೊಮ್ಮಗ, ಚಡ್ಡಿಯನ್ನು ನಿಜವಾಗಿಯೂ ತುಳಸಿಕಟ್ಟೆಯ ಮೇಲೆ ಬಿಟ್ಟು ಬಂದಿದ್ದ.

ಅಜ್ಜ ಹೋದ ಮೂರು ತಿಂಗಳಿಗೆ ಹುಟ್ಟಿದ ಕೂಸು ಅದು. ಸೊಸೆ ವಾಣಿಶ್ರೀ ಹೊಸ ಕಾಲದ ಹೆಸರು ಯಾವುದೋ ಆರಿಸಿ ಇಟ್ಟಿದ್ದಳು. ಮಗ ವಿನೀತನೂ ಅದಕ್ಕೆ ಒಪ್ಪಿದ್ದ. ಅಜ್ಜನ ಹೆಸರೇ ಆಗಬೇಕೆಂದು ಹಟ ಹಿಡಿದವಳು ನಾನು. ತೊಟ್ಟಿಲ ಕಾರ್ಯದ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಆ ಹೆಸರು ಹೇಳಿದಾಗ, ಮನೆಯೊಳಗೆ ಹೋಗಿ ಅತ್ತು ಬಂದೆ. ಮರುದಿನ ಕೂಸು ಚೀರಿತು. ತೊಟ್ಟಿಲಿನ ಮೇಲೆ ಬಾಗಿ, ಕರೆದು ಸಮಾಧಾನ ಮಾಡೋಣವೆಂದು ಬಾಯಿ ತೆರೆದೆ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದೆ. ಗಂಡನ ಹೆಸರನ್ನು ನಾನು ಹೇಳುವುದು ಹೇಗೆ? ಆ ಹೆಸರನ್ನು ಹಟ ಮಾಡಿ ಇಡಿಸುವಾಗ ಈ ಮಾತು ನನಗಾಗಲಿ, ನೆರೆದ ನಾಲ್ಕು ಜನ ಹಿರಿಯರಿಗಾಗಲಿ ಹೊಳೆದಿರಲಿಲ್ಲ.

ಅಂದಿನಿಂದ ಅವನನ್ನು ‘ತಮ್ಮಾ’ ಎಂದು ಕರೆಯತೊಡಗಿದೆ. ಆದರೆ ನಾನು ಹಾಲಿನವನನ್ನೂ ತಮ್ಮಾ ಎನ್ನುತ್ತೇನೆ, ಆಟೋದವನನ್ನೂ, ಸಿಲಿಂಡರ್ ಹೊತ್ತು ತರುವವನನ್ನೂ ತಮ್ಮಾ ಎನ್ನುತ್ತೇನೆ. ನಮ್ಮ ಕಮರಿಪೇಟೆಯ ಓಣಿಯಲ್ಲಿ ನನ್ನ ತಮ್ಮಂದಿರು ಬಹಳ. ಹೀಗಾಗಿ ನಾನು “ತಮ್ಮಾ, ಬಾರೋ” ಎಂದರೆ ಮೊಮ್ಮಗ ನನ್ನ ಕಡೆ ತಿರುಗುತ್ತಿರಲಿಲ್ಲ. ಯಾರು ಬಂದರೆಂದು ಗೇಟಿನ ಕಡೆ ನೋಡುತ್ತಿದ್ದ.

ಬೀಗತಿ ಮುರಿಗೆವ್ವ ಹೆಬ್ಬಳ್ಳಿಯವಳು. ಹೊಲ, ಎಮ್ಮೆ, ಗಟ್ಟಿ ದನಿ, ದೊಡ್ಡ ಕುಂಕುಮ. ಮಗಳು ವಾಣಿಶ್ರೀಯ ನೌಕರಿಯ ರಜೆ ಮುಗಿಯುತ್ತ ಬಂದಿದೆ, ಕೂಸನ್ನು ಸಂಭಾಳಿಸಲು ನೆರವಾಗುತ್ತೇನೆ ಎಂದು ಬಂದು ನಮ್ಮಲ್ಲಿ ಉಳಿದಿದ್ದಳು. ಅವಳು ಒಮ್ಮೆ “ಅಮರೇಶಾ” ಎಂದರೆ ಸಾಕು, ಹುಡುಗ ಇದ್ದಲ್ಲಿಂದ ಓಡಿ ಬಂದು ಅವಳ ಮೊಣಕಾಲಿಗೆ ಹಾಯುತ್ತಿದ್ದ. ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ.

ಅಂಟಿನ ಉಂಡೆ ಕಟ್ಟಿದೆ. ಅವನು ನನ್ನ ಕೈಯಿಂದ ಉಂಡೆ ತೆಗೆದುಕೊಂಡು, ತಿನ್ನಲು ಅವಳ ತೊಡೆಗೆ ಹೋದ. ಅವನ ಹಾಲಿಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದೆ. ಅವನು ಅರ್ಧ ಕುಡಿದು, ಉಳಿದದ್ದನ್ನು “ಹೆಬ್ಬಳ್ಳಿ ಆಯಿಗಿ” ಎಂದು ಅವಳಿಗೆ ಒಯ್ದು ಕೊಟ್ಟ. ಪೂಜೆ ಮುಗಿದ ಮೇಲೆ ವಿಭೂತಿಗಾಗಿ ಮಾತ್ರ ನನ್ನ ಬಳಿ ಬರುತ್ತಿದ್ದ. ಕಣ್ಣು ಮುಚ್ಚಿ, ಹಣೆ ಮುಂದೆ ಮಾಡಿ, ಮಠದ ಸ್ವಾಮಿಗಳ ಗಾಂಭೀರ್ಯದಿಂದ ನಿಲ್ಲುತ್ತಿದ್ದ. ಹಚ್ಚಿದ ಕೂಡಲೇ ಅದನ್ನು ತೋರಿಸಲು ಅವಳ ಕಡೆ ಓಡುತ್ತಿದ್ದ.

ಒಂದು ದಿನ ಲಿಂಗದ ಮುಂದೆ ಕೂತು ಹೇಳಬಾರದ್ದನ್ನು ಹೇಳಿದೆ. “ಶಿವನೇ, ಆಕೆಗೆ ಹೆಚ್ಚಿನದೇನೂ ಬೇಡ. ಒಂದು ಸಣ್ಣ ನೆಗಡಿ ಬರಲಿ. ನಾಲ್ಕು ದಿನ ಕೂಸನ್ನು ಮುಟ್ಟದಿದ್ದರೆ ಸಾಕು.” ಮರುದಿನ ನೆಗಡಿ ಬಂತು, ನನಗೆ. ಮುರಿಗೆವ್ವ ಶುಂಠಿ ಕಷಾಯ ಕಾಸಿ ತಂದುಕೊಟ್ಟಳು. ಅದು ಚೆನ್ನಾಗಿಯೂ ಇತ್ತು. ಅದಕ್ಕೂ ಹೊಟ್ಟೆ ಉರಿಯಿತು.

ಕೂಸು ಅವಳನ್ನು ಹಚ್ಚಿಕೊಂಡಿತೆಂಬುದಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ನನ್ನನ್ನು ಸುಡುತ್ತಿದ್ದುದು ಆ ಹೆಸರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆ, ಬಸುರಿಯ ಕುಬಸ, ತೊಟ್ಟಿಲ ಕಾರ್ಯಗಳಲ್ಲಿ ಹೆಂಗಸರು ಬಾಗಿಲು ಕಟ್ಟಿ ನಿಂತು, “ಹೆಸರ ಹೇಳ್ರಿ ನೋಡೂಣು, ಹೇಳಿದ್ರ ಒಳಗ ಬಿಡತೇವಿ” ಎಂದು ಪೀಡಿಸಿದಾಗ, ಪ್ರಾಸ ಕೂಡಿಸಿದ ಒಂದೆರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ನನ್ನ ಒಡಪುಗಳೆಂದರೆ ಬಳಗದಲ್ಲಿ ಹೆಸರಾಗಿದ್ದವು.

‘ಹಿತ್ತಲದಾಗ ಹಚ್ಚೀನಿ ಕರಿಬೇವಿನ ಗಿಡ, ಅಮರೇಶಪ್ಪನವರ ಹೆಸರ ಹೇಳಾಕ ನನಗ್ಯಾಕ ತಡ’ ಎಂದು ಹೊಸ ಮದುಮಗಳಾಗಿ ಹೇಳಿದೆ. ವರ್ಷಗಳು ಹೋದಂತೆ ಒಡಪುಗಳು ಉದ್ದವಾದವು. ಗಿಡಕ್ಕೆ ಹೂವು ಬಂತು, ಹೂವಿಗೆ ಹಕ್ಕಿ ಬಂತು, ಹಕ್ಕಿ ಉಳವಿಯ ಜಾತ್ರೆಗೆ ಹೋಗಿ ಬಂತು. ಆಮೇಲೆ ಹೆಸರು. ಹೊರಗೆ ಕಟ್ಟೆಯ ಮೇಲೆ ಗಂಡಸರ ನಡುವೆ ಕೂತಿರುತ್ತಿದ್ದ ಅವರು, ಒಡಪು ಮುಗಿದ ಕೂಡಲೇ ಒಂದು ಕೆಮ್ಮು ಕೆಮ್ಮುತ್ತಿದ್ದರು. ಮರುದಿನ ಚಹಾ ಕುಡಿಯುವಾಗ, “ನಿನ್ನಿ ಭಾಳ ಉದ್ದ ಆತಲ್ಲ?” ಎನ್ನುತ್ತಿದ್ದರು.

“ನಿಮ್ಮ ಹೆಸರ ಲಗೂನ ಮುಗಿಸಿ ನಾ ಏನ ಮಾಡ್ಲಿ?” ಎನ್ನುತ್ತಿದ್ದೆ.

ಅವರು ಹೋದ ಮೇಲೆ ಯಾವ ಕಾರ್ಯದಲ್ಲೂ ನನ್ನನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ದಾರಿ ಬಿಟ್ಟು, “ಬರ್ರಿ ಶರಣವ್ವಾರ, ಕೂಡ್ರಿ” ಎಂದು ಕುರ್ಚಿ ಕೊಡುತ್ತಾರೆ. ಅದು ಗೌರವವೇ. ಆದರೆ ಆ ಹೆಸರು ನನ್ನ ಬಾಯಿಂದ ಹೊರಗೆ ಬರಲು ಇದ್ದದ್ದು ಅದೊಂದೇ ಬಾಗಿಲು. ಅದೂ ಮುಚ್ಚಿತ್ತು. ಇವಳೋ, ಎಲ್ಲಿಯವಳೋ, ನನ್ನ ಮನೆಯಲ್ಲಿ ಕೂತು ಬೆಳಗಿನಿಂದ ಬೈಗಿನವರೆಗೆ ಆ ಹೆಸರನ್ನು ಬಾಯ್ತುಂಬ ಕರೆಯುತ್ತಿದ್ದಳು. ಕರೆದಾಗಲೆಲ್ಲ ಯಾರೋ ಓಡಿ ಬರುತ್ತಿದ್ದರು.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ತಾಯಿ ಮಗಳು ಮಾತಾಡುವುದು ಕಿವಿಗೆ ಬಿತ್ತು. ವಾಣಿಶ್ರೀ ಧಾರವಾಡದ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಸೋಮವಾರ ಕೆಲಸಕ್ಕೆ ಹೋಗಲೇಬೇಕಿತ್ತು.

“ಅತ್ತ್ಯಾರ ಜೀವಾನ ಇಟ್ಟಾರ ಅವನ ಮ್ಯಾಲ, ಖರೇ. ಆದರ ಅವರು ಕರದ್ರ ಇಂವ ಹೊಳ್ಳಿ ಸುದ್ದಾ ನೋಡೂದಿಲ್ಲವಾ. ಗೇಟ್ ದಾಟಿ ರಸ್ತೇಕ ಹ್ವಾದ್ರ ಅವರು ಎಲ್ಲೆ ಓಡತಾರ?”

“ಅದಕ್ಯಾಕ ಚಿಂತಿ? ನಾಳೆ ನನ್ನ ಕೂಡ ಹೆಬ್ಬಳ್ಳಿಗೆ ಕಳಸು. ಸಾಲಿಗೆ ಹಾಕೂಮಟಾ ಅಲ್ಲೇ ಇರವಲ್ಲ್ಯಾಕ.”

“ಅತ್ತ್ಯಾರಿಗೆ ಹೆಂಗ ಹೇಳೂದು?”

ಹೇಳುವ ಕಷ್ಟ ಅವಳಿಗೆ ಬರಲಿಲ್ಲ. ನಾನೇ ಹೋಗಿ, “ಹವಾ ಛಲೋ ಐತಿ ಅಲ್ಲಿ, ಹೋಗಿ ಬರಲಿ ತಗೋ” ಎಂದುಬಿಟ್ಟೆ. ಬಂದು ಜಪಮಣಿ ಹಿಡಿದು ಕೂತೆ. ಮಣಿ ಸರಿಯಿತು, ಶಿವನ ನೆನಪು ಬರಲಿಲ್ಲ. ಅವರು ಹೋದರು, ಹೆಸರಾದರೂ ಮನೆಯಲ್ಲಿತ್ತು. ಅದೂ ನಾಳೆ ಬಸ್ಸು ಹತ್ತುತ್ತದೆ ಎಂಬುದೊಂದೇ ಮನಸ್ಸಿನಲ್ಲಿತ್ತು.

ಭಾನುವಾರ ಹುಡುಗನ ಬಟ್ಟೆ, ಬಾಟಲಿ, ಹರಿದ ಕರಡಿ ಎಲ್ಲ ಚೀಲ ಸೇರಿದವು. ವಿನೀತ ಆಟೋ ತರಲು ಹೋದ. ಮುರಿಗೆವ್ವ ಇಳಕಲ್ ಸೀರೆ ಉಟ್ಟು ಸಿದ್ಧಳಾದಳು. ಆಗ ನೋಡಿದರೆ ಪ್ರಯಾಣ ಮಾಡಬೇಕಾದವನೇ ಇರಲಿಲ್ಲ.

ಅವನು ತನ್ನ ಅಜ್ಜನ ಮಂಚದ ಬುಡಕ್ಕೆ ನುಸುಳಿ, ಟ್ರಂಕಿನ ಹಿಂದಿನ ಮೂಲೆ ಸೇರಿದ್ದ. ಸಾಗವಾನಿ ಮಂಚ, ಅಲುಗಾಡಿಸಲು ನಾಲ್ಕು ಆಳು ಬೇಕು. ಅದರ ಕೆಳಗೆ ದೊಡ್ಡವರು ಹೋಗುವಂತಿರಲಿಲ್ಲ.

“ಅಮರೇಶಾ, ಬಾರೋ, ಬಸ್ಸಿನ್ಯಾಗ ಹೋಗೂಣು,” ಎಂದಳು ಮುರಿಗೆವ್ವ.

“ಒಲ್ಲೆ!”

“ಅಮರೇಶಾ, ಎಮ್ಮಿ ಕರಾ ತೋರಸ್ತೇನಿ.”

“ಒಲ್ಲೆ!”

ವಾಣಿಶ್ರೀ ಬಿಸ್ಕೀಟು ತೋರಿಸಿದಳು. ಮಂಚದ ಕೆಳಗಿನಿಂದ ಒಂದು ಸಣ್ಣ ಕೈ ಬಂದು ಬಿಸ್ಕೀಟು ಒಯ್ದಿತು, ಅಷ್ಟೇ. ನಾನು ಬಾಗಿಲ ಬಳಿ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ದಿನಗಳ ಮೇಲೆ ಸಂತೋಷವಾಗಿತ್ತು. ಇವಳು ಕರೆದರೂ ಬಾರದ ಕಾಲ ಬಂತಲ್ಲ!

ಮುರಿಗೆವ್ವ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಳು. ಸಿಟ್ಟು ಬಂದು ಮಂಚದ ಹಲಗೆಗೆ ಅಂಗೈಯಿಂದ ಬಡಿದಳು. “ಅಮರೇಶಾ! ಹೊರಗ ಬರತೀಯೋ, ಕೋಲ ತರ್ಲೋ?”

ಅವರ ಮಂಚ. ಅವರ ಹೆಸರು. ಕೋಲು.

“ಸಾಕ ಮಾಡ್ರಿ ಮುರಿಗೆವ್ವಾರ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಆ ಹೆಸರ ಕರಿಯೂ ರೀತಿ ಅಲ್ಲ ಅದು.”

ಅವಳು ನೆಟ್ಟಗಾಗಿ, ಸೆರಗು ಸರಿಪಡಿಸಿಕೊಂಡು ನನ್ನನ್ನು ನೋಡಿದಳು. “ಮತ್ತ ಹೆಂಗ ಕರೀತಾರ್ರಿ ಅಕ್ಕಾರ? ದಿನಾ ತಮ್ಮಾ ತಮ್ಮಾ ಅಂದು ಹಾಲಿನಾವನ್ನ ಕರದಂಗ ಕರೀತೀರಿ. ಹೆಸರ ಹೇಳ್ರಿ ನೋಡೂಣು, ನೀವ!”

‘ಹೆಸರ ಹೇಳ್ರಿ ನೋಡೂಣು.’ ಎಷ್ಟು ವರ್ಷಗಳಾಗಿದ್ದವು ಆ ಮಾತನ್ನು ನನಗೆ ಯಾರಾದರೂ ಹೇಳಿ! ಅವಳು ಕೆಣಕಲು ಹೇಳಿದಳು. ನನ್ನ ಬಾಯಿಗೆ ಅದು ತಿಳಿಯಲಿಲ್ಲ. ಬಾಗಿಲಲ್ಲಿ ತಡೆದು ಕೇಳಿದಾಗ ಏನು ಮಾಡಬೇಕೋ ಅದನ್ನು ಅದು ಮಾಡಿತು. ನಾನು ಮಂಚದ ಹತ್ತಿರ ಹೋಗಿ ನೆಲದ ಮೇಲೆ ಕೂತೆ.

“ಒಲಿ ಮ್ಯಾಲ ಕಾಯಾಕತ್ತೈತಿ ಎಮ್ಮಿ ಹಾಲ,
ಮಂಚದ ಬುಡಕ ಕಾಣಾಕತ್ತೈತಿ ಯಾರದೋ ಕಾಲ;
ಹಾಲಿಗೆ ಹಾಕೀನಿ ಬೆಲ್ಲದ ಹುಡಿ,
ಅಮರೇಶಾ, ಹೊರಗ ಬಾರೋ ಲಗೂ ಓಡಿ!”

ನನ್ನ ಕಿವಿ, ಏನು ಹೇಳಲಿ, ಹೊರಗಿನ ಕಟ್ಟೆಯ ಕಡೆ ಹೋಗಿ ಒಂದು ಕೆಮ್ಮಿಗಾಗಿ ಕಾಯಿತು. ಕೆಮ್ಮು ಬರಲಿಲ್ಲ. ಟ್ರಂಕು ಕಿರ್ರೆಂದಿತು. ಕೂದಲ ತುಂಬ ಜೇಡರ ಬಲೆ, ಗಲ್ಲದ ತುಂಬ ಬಿಸ್ಕೀಟು ಮೆತ್ತಿಕೊಂಡ ಮುಖವೊಂದು ಹೊರಬಂತು. ಅವನು ತನ್ನ ಕಾಲನ್ನು ಒಮ್ಮೆ ನೋಡಿಕೊಂಡ, ನನ್ನನ್ನು ಒಮ್ಮೆ ನೋಡಿದ.

“ನಂದ ಕಾಲ,” ಎಂದ. ಆಮೇಲೆ ಬಂದು ನನ್ನ ತೊಡೆಯ ಮೇಲೆ ಕೂತು, “ಆಯಿ, ಇನ್ನೊಮ್ಮಿ” ಎಂದ.

ಇನ್ನೊಮ್ಮೆ ಹೇಳಿದೆ. ಮತ್ತೊಮ್ಮೆ ಹೇಳಿದೆ. ವಾಣಿಶ್ರೀ ಕೈಯಲ್ಲಿ ಚೀಲ ಹಿಡಿದು ನಿಂತೇ ಇದ್ದಳು. ಮುರಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆಂದುಕೊಂಡೆ, ನಗುತ್ತಲೂ ಇದ್ದಳು, ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದಳು.

“ನನ್ನ ಲಗ್ನದಾಗ ಒಡಪ ಹೇಳಂದ್ರ ಗಾಬರಿಗೆ ಗಂಡನ ಹೆಸರ ಮರತಿದ್ದೆರಿ ಅಕ್ಕಾರ. ಈಗೂ ಊರಾಗ ನಗತಾರ,” ಎಂದಳು. ಹೊರಗೆ ಆಟೋ ಬಂದು ನಿಂತ ಸದ್ದಾಯಿತು. ಅವಳು ಮಗಳ ಕೈಯಿಂದ ಚೀಲ ತೆಗೆದುಕೊಂಡು ಅವರ ಮಂಚದ ಮೇಲಿಟ್ಟಳು. “ಸಾಮಾನ ತಗದ ಇಡು ವಾಣಿ. ಕರದ್ರ ಬರತಾನಲ್ಲ, ಇನ್ನೇನ ಬೇಕು ನಿನಗ?”

ಅವಳೊಬ್ಬಳೇ ಆಟೋ ಹತ್ತಿದಳು. ಹುಡುಗ ನನ್ನ ಕಂಕುಳಲ್ಲಿ ಕೂತು ಕೈ ಬೀಸಿದ. ಒಂದು ಹನಿ ಕಣ್ಣೀರೂ ಹಾಕಲಿಲ್ಲ.

“ಐತವಾರ ಬರತೇನಿ. ಅಷ್ಟರಾಗ ನನ್ನ ಮರತರ ನೋಡ್ರಿ ಮತ್ತ!” ಎಂದು ಅವಳು ಹೊರಗೆ ಮುಖ ಹಾಕಿ ಕೂಗಿದಳು. ಅವಳ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ತಿಂಗಳಿಂದ ನನ್ನ ಕನ್ನಡಿಯಲ್ಲಿ ಇದ್ದದ್ದು ಅದೇ. ಪಾಪ ಎನಿಸಿತು. ಎನಿಸಿದ್ದು ಸ್ವಲ್ಪ ಹೊತ್ತು ಮಾತ್ರ.

ಈಗ ನಮ್ಮ ಮನೆಯಲ್ಲಿ ಒಡಪಿಲ್ಲದೆ ಯಾವ ಕೆಲಸವೂ ಸಾಗುವುದಿಲ್ಲ. ಸ್ನಾನಕ್ಕೊಂದು, ಚಡ್ಡಿಗೊಂದು, ಉಗುರು ಕತ್ತರಿಸಲು ಒಂದು. ವಿಭೂತಿಗೆ ಮೊದಲು ಲಿಂಗದ ಮುಂದೆಯೇ ಒಂದು ಹೇಳುತ್ತೇನೆ. ಶಿವ ಇದುವರೆಗೆ ಆಕ್ಷೇಪಣೆ ಮಾಡಿಲ್ಲ. ಆದರೆ ಹೊಸದೊಂದು ಕಾಟ ಶುರುವಾಗಿದೆ. ಒಡಪಿನಲ್ಲಿ ಹೆಸರು ಬರುವ ಜಾಗವನ್ನು ಹುಡುಗ ಗುರುತು ಹಿಡಿದಿದ್ದಾನೆ. ನಾನು ಅಲ್ಲಿಗೆ ಮುಟ್ಟುವುದರೊಳಗೆ ಎದೆಗೆ ಕೈ ಬಡಿದುಕೊಂಡು, “ಅಮ್ಮೇಸಾ!” ಎಂದು ಓಣಿಗೆಲ್ಲ ಕೇಳುವಂತೆ ತಾನೇ ಕೂಗಿಬಿಡುತ್ತಾನೆ. ಇಷ್ಟು ಕಾಲಕ್ಕೆ ಸಿಕ್ಕ ಹೆಸರನ್ನು ನನ್ನ ಬಾಯಿಂದ ಕಸಿದುಕೊಳ್ಳುತ್ತಾನೆ. ಎರಡೂವರೆ ವರ್ಷದ ಹುಡುಗನ ಮೇಲೆ ಹೊಟ್ಟೆಕಿಚ್ಚು ಪಡುವುದು ಈ ವಯಸ್ಸಿಗೆ ಒಪ್ಪುವಂಥದ್ದಲ್ಲ. ಆದರೂ ಪಡುತ್ತೇನೆ.

ಅದಕ್ಕೇ ಒಡಪುಗಳನ್ನು ಉದ್ದ ಮಾಡುತ್ತಿದ್ದೇನೆ. ಇಂದು ಬೆಳಿಗ್ಗೆ ಕರಿಬೇವಿನ ಗಿಡಕ್ಕೆ ಹೂವು ತಂದೆ, ಹೂವಿಗೆ ಹಕ್ಕಿ ತಂದೆ, ಹಕ್ಕಿಯನ್ನು ಹೆಬ್ಬಳ್ಳಿಗೆ ಕಳಿಸಿ ಎಮ್ಮೆಯ ಕೊಂಬಿನ ಮೇಲೆ ಕೂರಿಸಿದೆ. ಹುಡುಗ ಬಾಯಿ ತೆರೆದು ಕಾದ, ಮತ್ತೆ ಕಾದ, ಕೊನೆಗೆ ಬೇಸತ್ತು ಕರಡಿಯ ಕಿವಿ ತಿರುವುತ್ತ ಕೂತ.

ಆಗ ಸಾವಕಾಶವಾಗಿ, ಪೂರ್ತಿಯಾಗಿ, ನಾನೇ ಹೇಳಿದೆ.